ಒಂದೇ ಮಾತ್ರೆ: ಅಮ್ಮನ ಲೆಕ್ಕ ಬೇರೆ, ಅಪ್ಪನ ಲೆಕ್ಕ ಬೇರೆ

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ತಿಪಟೂರಿನ ಹತ್ತಿರ ನಮ್ಮ ಊರಲ್ಲೇ ಇದ್ದಾರೆ. 14 ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಗಿನಿಂದ ಇಕೋಸ್ಪ್ರಿನ್ 75, ಕ್ಲೋಪಿಡೋಗ್ರೆಲ್ 75 ಎರಡೂ ನಡೆಯುತ್ತಿವೆ. ಈಗ ಮುಂಗೈ ತುಂಬಾ ನೀಲಿ ಕಲೆಗಳು. ‘ವಯಸ್ಸಾದವರಿಗೆ ಈ ಮಾತ್ರೆ ಹಿಡಿಯಲ್ಲ, ಟೆಸ್ಟ್ ಮಾಡಿಸಿ’ ಎಂದು ಚಿಕ್ಕಪ್ಪ ಹೇಳುತ್ತಾರೆ. ‘ರಕ್ತ ನೀರಾಗಿಬಿಟ್ಟಿದೆ, ನಿಲ್ಲಿಸಿ’ ಎಂದು ಅತ್ತೆ ಹೇಳುತ್ತಾರೆ. ಅಪ್ಪನಿಗೆ 81. ಬಿಪಿ, ಶುಗರ್ ಇದೆ, ಹೃದಯದ ತೊಂದರೆ ಯಾವತ್ತೂ ಬಂದಿಲ್ಲ. ಅವರೂ 15 ವರ್ಷದಿಂದ ಇಕೋಸ್ಪ್ರಿನ್ ತೆಗೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಅಮ್ಮನ ಹಲ್ಲು ಕೀಳಿಸಬೇಕು. ಏನು ಮಾಡಬೇಕು?

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಮ್ಮನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಒಂದು ದಿನವೂ ಬೇಡ. ಸ್ಟೆಂಟ್ ಹಾಕಿದ ಡಾಕ್ಟರನ್ನು ಕೇಳಿಯೇ ಮುಂದಿನ ಹೆಜ್ಜೆ. ಇನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಮನೆಯಲ್ಲಿ ಇಬ್ಬರು ಹಿರಿಯರು ಒಂದೇ ಡಬ್ಬಿಯಿಂದ ಒಂದೇ ಮಾತ್ರೆ ನುಂಗುತ್ತಿದ್ದಾರೆ. ಅಮ್ಮನಿಗೆ ಅದು ಬೇಕೇ ಬೇಕು. ಅಪ್ಪನಿಗೆ ಬಹುಶಃ ಬೇಡ. ನನ್ನ ಓಪಿಡಿಗೆ ಹೀಗೆ ಗಂಡ ಹೆಂಡತಿ ಜೊತೆಯಾಗಿ ಬರುತ್ತಾರೆ. ಒಬ್ಬರ ಚೀಟಿ ನೋಡಿ ಇನ್ನೊಬ್ಬರದ್ದನ್ನೂ ನೋಡಿದಾಗ, ಈ ಮಾತ್ರೆ ಯಾಕೆ ಶುರುವಾಯಿತು ಅನ್ನುವುದು ಎಷ್ಟೋ ಸಲ ಯಾರಿಗೂ ನೆನಪಿರುವುದಿಲ್ಲ.

‘ರಕ್ತ ತೆಳು ಮಾಡುವ ಮಾತ್ರೆ’ ಅನ್ನುವ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಇದರಿಂದ ರಕ್ತ ನೀರಾಗುವುದಿಲ್ಲ, ಅತ್ತೆಯವರಿಗೆ ಹೇಳಿ. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳಿವೆ. ಗಾಯವಾದ ಕಡೆ ಬಂದು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುವುದು ಅವುಗಳ ಕೆಲಸ. ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೂತ ಕೊಬ್ಬು ಒಡೆದಾಗಲೂ ಅವು ಅದನ್ನು ಗಾಯ ಎಂದೇ ತಿಳಿದು ಮುತ್ತಿಕೊಳ್ಳುತ್ತವೆ. ಆಗ ನಾಳವೇ ಮುಚ್ಚಿಹೋಗುತ್ತದೆ. ಅದೇ ಹಾರ್ಟ್ ಅಟ್ಯಾಕ್. ಇಕೋಸ್ಪ್ರಿನ್ ಅಂದರೆ ಆಸ್ಪಿರಿನ್. ಅದು ಪ್ಲೇಟ್‌ಲೆಟ್ ಒಳಗಿನ ಒಂದು ಕಿಣ್ವವನ್ನು ಕೆಡಿಸಿಬಿಡುತ್ತದೆ. ಪ್ಲೇಟ್‌ಲೆಟ್‌ಗೆ ಹೊಸ ಕಿಣ್ವ ಮಾಡಿಕೊಳ್ಳಲು ಬರುವುದಿಲ್ಲ. ಅದು ಬದುಕಿರುವ 7ರಿಂದ 10 ದಿನವೂ ಹಾಗೇ ಇರುತ್ತದೆ. ಆದರೆ ದೇಹ ದಿನಾ ಸುಮಾರು ಹತ್ತರಲ್ಲಿ ಒಂದು ಭಾಗದಷ್ಟು ಹೊಸ ಪ್ಲೇಟ್‌ಲೆಟ್‌ಗಳನ್ನು ಬಿಡುತ್ತಲೇ ಇರುತ್ತದೆ. ಅದಕ್ಕೇ ಮಾತ್ರೆ ದಿನಾ ಬೇಕು, 75 ಮಿಲಿಗ್ರಾಂ ಸಾಕು.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಕ್ರೇವನ್ ಎಂಬ ಊರ ಡಾಕ್ಟರ್ ಇದ್ದರು. 1940ರ ದಶಕದ ಮಾತು. ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಕೆಲವರಿಗೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ನೋಡಿದರೆ ಅವರು ನೋವಿಗೆಂದು ಆಸ್ಪಿರಿನ್ ಬೆರೆಸಿದ ಚೂಯಿಂಗ್ ಗಮ್ ಜಾಸ್ತಿ ಅಗಿಯುತ್ತಿದ್ದರು. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಅಂದರೆ ಹಾರ್ಟ್ ಅಟ್ಯಾಕನ್ನೂ ತಡೆಯಬಹುದಲ್ವಾ ಎಂದು ಅವರಿಗೆ ಹೊಳೆಯಿತು. ಅವರ ಮಾತಿಗೆ ಗಟ್ಟಿ ಪುರಾವೆ ಸಿಗಲು ತುಂಬಾ ವರ್ಷ ಬೇಕಾಯಿತು. 1988ರಲ್ಲಿ 17,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಐಸಿಸ್-2 ಅಧ್ಯಯನದಲ್ಲಿ, ಹಾರ್ಟ್ ಅಟ್ಯಾಕ್ ಆದ ಕೂಡಲೇ ಆಸ್ಪಿರಿನ್ ಕೊಟ್ಟರೆ ಸಾವು ಸುಮಾರು ಕಾಲು ಭಾಗ ಕಮ್ಮಿಯಾಗುತ್ತದೆ ಎಂದು ಗೊತ್ತಾಯಿತು. ಈ ಕಥೆ ಯಾಕೆ ಹೇಳಿದೆ ಅಂದರೆ, ಈ ಮಾತ್ರೆಯ ಒಳ್ಳೆಯ ಗುಣ ಕಂಡಿದ್ದೇ ಅದರ ಕೆಟ್ಟ ಗುಣದಿಂದ. ಎರಡೂ ಒಂದೇ ಕೆಲಸದ ಎರಡು ಮುಖ. ವಯಸ್ಸಾದಂತೆ ಆ ಎರಡೂ ಮುಖ ದೊಡ್ಡದಾಗುತ್ತವೆ.

ಚಿಕ್ಕಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ. ವಯಸ್ಸಾದವರ ಪ್ಲೇಟ್‌ಲೆಟ್‌ಗಳು ಸ್ವಲ್ಪ ಚುರುಕಾಗಿ ಅಂಟಿಕೊಳ್ಳುತ್ತವೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಇನ್ನೂ ಜಾಸ್ತಿ. ಪ್ಲೇಟ್‌ಲೆಟ್ ಅಂಟಿಕೊಳ್ಳುವುದನ್ನು ಬೇರೆ ದಾರಿಯಲ್ಲಿ ತಡೆಯುವ ಕ್ಲೋಪಿಡೋಗ್ರೆಲ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆ ಮಾತ್ರೆ ನುಂಗಿದ ಹಾಗೇ ಕೆಲಸ ಮಾಡುವುದಿಲ್ಲ. ಲಿವರ್ ಅದನ್ನು ಬದಲಾಯಿಸಿ ಕೊಟ್ಟ ಮೇಲಷ್ಟೇ ಅದಕ್ಕೆ ಬಲ ಬರುತ್ತದೆ. ರಕ್ತಕ್ಕೆ ಸೇರಿದ್ದರಲ್ಲಿ ಬಹುಪಾಲು, ಸುಮಾರು 85%, ಕೆಲಸಕ್ಕೆ ಬಾರದೆ ಹೋಗುತ್ತದೆ. ಉಳಿದ ಸ್ವಲ್ಪದ್ದೇ ಎಲ್ಲ ಕೆಲಸ. ಅದನ್ನು ಬದಲಾಯಿಸುವ ಲಿವರ್ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಮಂದ. ಯುರೋಪಿನವರಿಗಿಂತ ನಮ್ಮ ಭಾರತೀಯರಲ್ಲಿ ಇಂಥವರು ಹೆಚ್ಚು. 2010ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಬಗ್ಗೆ ಮಾತ್ರೆಯ ಮಾಹಿತಿ ಚೀಟಿಯಲ್ಲೇ ಎಚ್ಚರಿಕೆ ಹಾಕಿಸಿತು.

ಹಾಗಾದರೆ ಟೆಸ್ಟ್ ಮಾಡಿಸೋಣ ಅಂತ ಅನ್ನಿಸುವುದು ಸಹಜ. ನನಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸುತ್ತಿತ್ತು. ಮಾತ್ರೆ ಎಷ್ಟು ಹಿಡಿದಿದೆ ಎಂದು ಅಳೆದು, ಅದಕ್ಕೆ ತಕ್ಕ ಹಾಗೆ ಬದಲಾಯಿಸಿದರೆ ಒಳ್ಳೆಯದಾಗಲೇಬೇಕಲ್ವಾ? ಫ್ರಾನ್ಸ್‌ನಲ್ಲಿ ಇದನ್ನೇ ಪರೀಕ್ಷಿಸಿದರು. ಆಂಟಾರ್ಕ್ಟಿಕ್ ಎಂಬ ಹೆಸರಿನ ಅಧ್ಯಯನ, 2016ರಲ್ಲಿ ಪ್ರಕಟವಾಯಿತು. ನಿಮ್ಮ ಅಮ್ಮನಂಥವರೇ: 75 ದಾಟಿದ, ಹಾರ್ಟ್ ಅಟ್ಯಾಕ್‌ಗೆ ಸ್ಟೆಂಟ್ ಹಾಕಿಸಿಕೊಂಡ 877 ಮಂದಿ. ಅರ್ಧ ಜನರಿಗೆ ಪ್ಲೇಟ್‌ಲೆಟ್ ಟೆಸ್ಟ್ ಮಾಡಿ ಮಾತ್ರೆ ಹೊಂದಿಸಿದರು, ಉಳಿದವರಿಗೆ ಟೆಸ್ಟ್ ಇಲ್ಲದೆ ಒಂದೇ ಡೋಸ್. ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ತೊಂದರೆ ಆದವರ ಪ್ರಮಾಣ ಒಂದೇ, ಸುಮಾರು 28%. ಯಂತ್ರ ತೋರಿಸುವ ಅಂಕಿ ಬದಲಾದರೂ ಮನುಷ್ಯನ ಗತಿ ಬದಲಾಗಲಿಲ್ಲ. ಅದಕ್ಕೇ ಎಲ್ಲ ಸರಿಯಾಗಿ ಇರುವಾಗ ಸುಮ್ನೆ ಈ ಟೆಸ್ಟ್ ಮಾಡಿಸಬೇಕಾಗಿಲ್ಲ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿರುವಾಗಲೂ ಸ್ಟೆಂಟ್ ಮುಚ್ಚಿಕೊಂಡರೆ ಆಗ ಹೃದಯ ತಜ್ಞರು ಯೋಚಿಸುತ್ತಾರೆ, ಅದು ಬೇರೆ ಮಾತು. ಇನ್ನೊಂದು: ಪಿಟಿ-ಐಎನ್‌ಆರ್ ಎಂಬ ಟೆಸ್ಟ್ ವಾರ್ಫರಿನ್, ಅಸಿಟ್ರಾಮ್ ಎಂಬ ಬೇರೆ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ. ಇಕೋಸ್ಪ್ರಿನ್ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

‘ಮಾತ್ರೆ ಹಿಡಿಯುತ್ತಿಲ್ಲ’ ಅನ್ನಿಸುವ ಎಷ್ಟೋ ಹಿರಿಯರಲ್ಲಿ ನಿಜವಾದ ಕಾರಣ ಬೇರೆ ಇರುತ್ತದೆ. ಮಾತ್ರೆ ಮುಗಿದು ನಾಲ್ಕು ದಿನ ಆಗಿರುತ್ತದೆ, ಪೇಟೆಗೆ ಹೋಗಿ ತರಲು ಯಾರೂ ಇರುವುದಿಲ್ಲ. ಇಲ್ಲವೇ ಕಣ್ಣು ಸರಿಯಾಗಿ ಕಾಣದೆ ಬೇರೆ ಸ್ಟ್ರಿಪ್‌ನಿಂದ ಎರಡು ನುಂಗಿರುತ್ತಾರೆ. ಊರಿಗೆ ಹೋದಾಗ ಡಬ್ಬಿ ತೆಗೆದು ಎಣಿಸಿ ನೋಡಿ. ಅದು ಎಲ್ಲಕ್ಕಿಂತ ಒಳ್ಳೆಯ ಟೆಸ್ಟ್. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಲೆಸ್ಟರಾಲ್ ಮಾತ್ರೆ ಮೂರನ್ನೂ ಸೇರಿಸಿದ ಕ್ಯಾಪ್ಸೂಲ್‌ಗಳು ನಮ್ಮಲ್ಲಿ ಸಿಗುತ್ತವೆ. ಒಬ್ಬ ಡಾಕ್ಟರ್ ಅದನ್ನು ಬರೆದಿರುತ್ತಾರೆ, ಇನ್ನೊಬ್ಬರು ಬರೆದ ಇಕೋಸ್ಪ್ರಿನ್ ಪಕ್ಕದಲ್ಲೇ ಇರುತ್ತದೆ. ಹೀಗೆ ಗೊತ್ತಿಲ್ಲದೆ ಆಸ್ಪಿರಿನ್ ಎರಡೆರಡು ಸಲ ಹೋಗುತ್ತದೆ.

ಈಗ ಅತ್ತೆಯವರ ಭಯಕ್ಕೆ ಬರೋಣ. ಆ ಭಯದಲ್ಲೂ ನಿಜ ಇದೆ, ನನ್ನ ಪ್ರಕಾರ ಚಿಕ್ಕಪ್ಪನ ಮಾತಿಗಿಂತ ಹೆಚ್ಚು ನಿಜ ಇದೆ. ಮುಂಗೈ ಮೇಲಿನ ನೀಲಿ ಕಲೆಗಳು ಮಾತ್ರ ಅಷ್ಟು ದೊಡ್ಡ ವಿಷಯವಲ್ಲ. ವಯಸ್ಸಾದಂತೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಬಾಗಿಲಿಗೆ ಕೈ ತಾಗಿದರೂ ಕಲೆ ಬೀಳುತ್ತದೆ. ಮಾತ್ರೆ ಅದನ್ನು ಹೆಚ್ಚಿಸುತ್ತದೆ, ಅಷ್ಟೇ. ಕಲೆ ಮೈಯೆಲ್ಲ ಹರಡಿದರೆ, ಕಾಲಿನ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಕಂಡರೆ, ಒಸಡಿನಿಂದ ತಾನಾಗಿ ರಕ್ತ ಬಂದರೆ ಆಗ ರಕ್ತ ಪರೀಕ್ಷೆ ಬೇಕು.

ನನಗೆ ಭಯ ಇರುವುದು ಕಣ್ಣಿಗೆ ಕಾಣದ ರಕ್ತಸ್ರಾವದ ಬಗ್ಗೆ. ಅದು ಹೊಟ್ಟೆಯೊಳಗೆ. ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವ ಕೆಲವು ವಸ್ತುಗಳು ವಯಸ್ಸಾದಂತೆ ಕಮ್ಮಿಯಾಗುತ್ತವೆ. ಆಸ್ಪಿರಿನ್ ಅವನ್ನು ಇನ್ನಷ್ಟು ಕಮ್ಮಿ ಮಾಡುತ್ತದೆ. ಜೊತೆಗೆ ಹುಣ್ಣಾದಾಗ ರಕ್ತ ನಿಲ್ಲಿಸಬೇಕಾದ ಪ್ಲೇಟ್‌ಲೆಟ್‌ನ ಕೈಯನ್ನೂ ಕಟ್ಟಿಹಾಕುತ್ತದೆ. ಮಾತ್ರೆಯ ಮೇಲಿನ ಲೇಪ ಇದನ್ನು ತಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ತಡೆಯುವುದಿಲ್ಲ, ಯಾಕೆಂದರೆ ತೊಂದರೆ ಮಾಡುವುದು ರಕ್ತಕ್ಕೆ ಸೇರಿದ ಮೇಲಿನ ಆಸ್ಪಿರಿನ್.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 3,166 ರೋಗಿಗಳನ್ನು ಹಲವು ವರ್ಷ ಹಿಂಬಾಲಿಸಿ 2017ರಲ್ಲಿ ಒಂದು ವರದಿ ಬಂತು. ಎಲ್ಲರೂ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿ ಆಸ್ಪಿರಿನ್‌ನಂಥ ಮಾತ್ರೆಯಲ್ಲಿದ್ದವರು. 75 ದಾಟಿದವರಲ್ಲಿ ರಕ್ತಸ್ರಾವ ಹೆಚ್ಚಾದದ್ದಷ್ಟೇ ಅಲ್ಲ, ಆದ ರಕ್ತಸ್ರಾವ ಹಾಸಿಗೆ ಹಿಡಿಸುವಷ್ಟು, ಜೀವ ತೆಗೆಯುವಷ್ಟು ಜೋರಾಗಿತ್ತು. ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆಯ ಲೆಕ್ಕವನ್ನೂ ಅವರು ಹಾಕಿದರು. 65ಕ್ಕಿಂತ ಚಿಕ್ಕವರಲ್ಲಿ 338 ಜನರಿಗೆ 5 ವರ್ಷ ಆ ಮಾತ್ರೆ ಕೊಟ್ಟರೆ ಇಂಥ ಒಂದು ದೊಡ್ಡ ರಕ್ತಸ್ರಾವ ತಪ್ಪುತ್ತದೆ. 85 ದಾಟಿದವರಲ್ಲಿ 25 ಜನರಿಗೆ ಕೊಟ್ಟರೆ ಸಾಕು. ಇಷ್ಟು ಅಗ್ಗದ ಮಾತ್ರೆಯಿಂದ ಇಷ್ಟು ಲಾಭ ಸಿಗುವುದು ಔಷಧಿಗಳ ಲೋಕದಲ್ಲಿ ಅಪರೂಪ.

ಆದರೆ ನಮ್ಮ ಹಿರಿಯರು ಮೊದಲು ಬಿಡುವುದೇ ಆ ‘ಗ್ಯಾಸ್ ಮಾತ್ರೆ’ಯನ್ನು. ‘ನನಗೆ ಗ್ಯಾಸ್ ಏನೂ ಇಲ್ಲಪ್ಪ, ಯಾಕೆ ಅದು’ ಅನ್ನುತ್ತಾರೆ. ಅಮ್ಮನಿಗೆ ಬಿಡಿಸಿ ಹೇಳಿ: ಇದು ಗ್ಯಾಸಿಗಲ್ಲ, ಹೊಟ್ಟೆಯಲ್ಲಿ ರಕ್ತ ಸೋರದಿರಲಿ ಅಂತ. ಈ ಗ್ಯಾಸ್ ಮಾತ್ರೆಗಳಲ್ಲಿ ಒಮೆಪ್ರಜೋಲ್, ಇಸೋಮೆಪ್ರಜೋಲ್ ಮಾತ್ರ ಕ್ಲೋಪಿಡೋಗ್ರೆಲ್ ಜೊತೆಗೆ ಬೇಡ. ನಾನು ಆಗಲೇ ಹೇಳಿದ ಲಿವರ್ ಕಿಣ್ವವನ್ನು ಅವು ಅಡ್ಡಗಟ್ಟುತ್ತವೆ. ಪ್ಯಾಂಟೊಪ್ರಜೋಲ್ ಆದರೆ ಆ ತೊಂದರೆ ಕಮ್ಮಿ. ಅಮ್ಮನ ಚೀಟಿಯಲ್ಲಿ ಯಾವುದಿದೆ ನೋಡಿ, ಏನೂ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಹಿಂದೆ ಯಾವಾಗಲಾದರೂ ಹೊಟ್ಟೆ ಹುಣ್ಣು ಆಗಿದ್ದರೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದೂ ಪರೀಕ್ಷಿಸಬಹುದು. ನಮ್ಮ ದೇಶದಲ್ಲಿ ಅದು ತುಂಬಾ ಸಾಮಾನ್ಯ, ಕೆಲವು ದಿನದ ಔಷಧಿಯಿಂದ ಹೋಗುತ್ತದೆ.

ಇನ್ನು ಮಂಡಿ ನೋವಿನ ಮಾತ್ರೆ. ಈ ಬಗ್ಗೆ ಬರೆಯುವಾಗ ನನಗೆ ಒಬ್ಬ ಅಜ್ಜ ನೆನಪಾಗುತ್ತಾರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ. ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಬಂದಿದ್ದರು. ಹೃದಯವನ್ನೇ ಎರಡು ದಿನ ಹುಡುಕಿದೆವು. ಕೊನೆಗೆ ನೋಡಿದರೆ ಹಿಮೋಗ್ಲೋಬಿನ್ ಬರೀ 6, ರಕ್ತ ತೀರಾ ಕಮ್ಮಿ. ಅವರು ದಿನಾ ಆಸ್ಪಿರಿನ್ ನುಂಗುತ್ತಿದ್ದರು. ಜೊತೆಗೆ ಮಂಡಿ ನೋವಿಗೆಂದು ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ಆರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದರು. ಅವರಾಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ತಪ್ಪು ನನ್ನದು. ಈಗ ಪ್ರತಿಯೊಬ್ಬ ಹಿರಿಯರನ್ನೂ ‘ನೋವಿಗೆ ಏನು ತಗೋತೀರಿ’ ಎಂದು ಕೇಳದೆ ಕಳಿಸುವುದಿಲ್ಲ. ಡೈಕ್ಲೋಫಿನಾಕ್, ಐಬುಪ್ರೊಫೆನ್, ಅಸಿಕ್ಲೋಫಿನಾಕ್ ಇವೆಲ್ಲ ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯ ರಕ್ತಸ್ರಾವ ಎಷ್ಟೋ ಪಟ್ಟು ಹೆಚ್ಚುತ್ತದೆ. ಐಬುಪ್ರೊಫೆನ್ ಇನ್ನೂ ಒಂದು ಹೆಜ್ಜೆ ಮುಂದೆ: ಆಸ್ಪಿರಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನೇ ಕೂತು ಆಸ್ಪಿರಿನ್ ಕೆಲಸವನ್ನೇ ಕೆಡಿಸುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಇರಲಿ, ಮೇಲೆ ಹಚ್ಚುವ ಮುಲಾಮು ಇರಲಿ.

ಅಮ್ಮನಿಗೆ 14 ತಿಂಗಳಾಗಿದೆ ಅಂದಿರಿ. ಈ ತಿಂಗಳು ನೀವು ಮಾಡಬೇಕಾದ ದೊಡ್ಡ ಕೆಲಸ ಇದೇ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮೇಲೆ ಎರಡು ಮಾತ್ರೆ ಸಾಮಾನ್ಯವಾಗಿ 12 ತಿಂಗಳು. ಆಮೇಲೆ ಒಂದನ್ನು ಬಿಟ್ಟು ಒಂದನ್ನು ಜೀವನಪೂರ್ತಿ ಇಡುತ್ತಾರೆ. ರಕ್ತಸ್ರಾವದ ಅಪಾಯ ಹೆಚ್ಚಿರುವ ಹಿರಿಯರಿಗೆ ಇನ್ನೂ ಬೇಗ ಒಂದಕ್ಕೆ ಇಳಿಸುತ್ತಾರೆ. 2021ರ ಮಾಸ್ಟರ್ ಡ್ಯಾಪ್ಟ್ ಅಧ್ಯಯನದಲ್ಲಿ ಇಂಥ 4,500ಕ್ಕೂ ಹೆಚ್ಚು ಜನರಿದ್ದರು, ಸರಾಸರಿ ವಯಸ್ಸು ಸುಮಾರು 76. ಅವರಲ್ಲಿ ಒಂದು ತಿಂಗಳಿಗೇ ಎರಡು ಮಾತ್ರೆಯಿಂದ ಒಂದಕ್ಕೆ ಇಳಿಸಿದವರಿಗೆ ಹೃದಯದ ತೊಂದರೆ ಹೆಚ್ಚಾಗಲಿಲ್ಲ, ರಕ್ತಸ್ರಾವ ಕಮ್ಮಿಯಾಯಿತು. ಅಮ್ಮನಿಗೆ ಇನ್ನೂ ಎರಡು ನಡೆಯುತ್ತಿರುವುದಕ್ಕೆ ಕಾರಣ ಇರಬಹುದು: ಸ್ಟೆಂಟ್ ಇರುವ ಜಾಗ, ಉದ್ದ, ಬೇರೆ ನಾಳಗಳ ಸ್ಥಿತಿ. ಯಾರೂ ಮತ್ತೆ ಚೀಟಿ ನೋಡದೆ ಹಾಗೇ ಮುಂದುವರಿದಿರಲೂಬಹುದು. ಇದು ನಮ್ಮಲ್ಲಿ ತುಂಬಾ ನಡೆಯುತ್ತದೆ. ಆಂಜಿಯೋಗ್ರಾಂ ವರದಿ, ಡಿಸ್ಚಾರ್ಜ್ ಸಮ್ಮರಿ ಹಿಡಿದು ಹೋಗಿ ನೇರವಾಗಿ ಕೇಳಿ: ‘ಡಾಕ್ಟ್ರೇ, ಇನ್ನೂ ಎರಡೂ ಬೇಕಾ? ಯಾವುದನ್ನು ಯಾವ ತಾರೀಖಿಗೆ ಬಿಡಬೇಕು?’ ತಾರೀಖು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಾಗೆ ಕೇಳಲು ಹೋಗುವ ಮೊದಲು ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಮಾಡಿಸಿಕೊಂಡು ಹೋಗಿ. ಚಿಕ್ಕಪ್ಪ ಹೇಳಿದ ಟೆಸ್ಟ್‌ಗಿಂತ ಈ ಮೂರು ಹೆಚ್ಚು ಕೆಲಸಕ್ಕೆ ಬರುತ್ತವೆ, ಊರ ಹತ್ತಿರದ ಲ್ಯಾಬ್‌ನಲ್ಲೇ ಆಗುತ್ತವೆ.

‘ಇನ್ನೂ ಜೋರಾದ ಹೊಸ ಮಾತ್ರೆ ಬಂದಿದೆಯಂತೆ’ ಎಂದು ಯಾರಾದರೂ ಹೇಳಿದರೆ ಅವಸರ ಪಡಬೇಡಿ. ಪ್ರಾಸುಗ್ರೆಲ್ 75 ದಾಟಿದವರಿಗೆ, 60 ಕೆಜಿಗಿಂತ ಹಗುರ ಇರುವವರಿಗೆ ಲಾಭಕ್ಕಿಂತ ರಕ್ತಸ್ರಾವ ಜಾಸ್ತಿ ಮಾಡುತ್ತದೆ, ಹಿಂದೆ ಸ್ಟ್ರೋಕ್ ಆದವರಿಗೆ ಕೊಡಲೇಬಾರದು. ಟಿಕಾಗ್ರೆಲರ್ ಕೆಲವರಿಗೆ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ನೆದರ್ಲೆಂಡ್ಸ್‌ನಲ್ಲಿ 70 ದಾಟಿದ ಸುಮಾರು 1,000 ಜನರ ಮೇಲೆ ನಡೆದ, 2020ರಲ್ಲಿ ಬಂದ ಅಧ್ಯಯನದಲ್ಲಿ ಹಳೆಯ ಕ್ಲೋಪಿಡೋಗ್ರೆಲ್ ತೆಗೆದುಕೊಂಡವರಲ್ಲಿ 18% ಜನರಿಗೆ, ಜೋರಾದ ಮಾತ್ರೆ ತೆಗೆದುಕೊಂಡವರಲ್ಲಿ 24% ಜನರಿಗೆ ರಕ್ತಸ್ರಾವ ಆಯಿತು. ಹೃದಯಕ್ಕೆ ಸಿಕ್ಕ ರಕ್ಷಣೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅವರಿಗೆ ಹಾರ್ಟ್ ಅಟ್ಯಾಕ್ ಆಗಿಲ್ಲ, ಸ್ಟ್ರೋಕ್ ಆಗಿಲ್ಲ, ಸ್ಟೆಂಟ್ ಇಲ್ಲ. 15 ವರ್ಷದ ಹಿಂದೆ ಬಿಪಿ, ಶುಗರ್ ಇದ್ದವರಿಗೆ ಮುನ್ನೆಚ್ಚರಿಕೆ ಎಂದು ಇಕೋಸ್ಪ್ರಿನ್ ಬರೆಯುವುದು ಮಾಮೂಲಾಗಿತ್ತು. ನಾವೆಲ್ಲ ಬರೆದಿದ್ದೇವೆ. 2018ರಲ್ಲಿ ಆ ನಂಬಿಕೆ ಅಲುಗಾಡಿತು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ಹಿರಿಯರ ಮೇಲೆ ಆಸ್ಪ್ರೀ ಎಂಬ ಅಧ್ಯಯನ ನಡೆಯಿತು. ಬಹುತೇಕ ಎಲ್ಲರೂ 70 ದಾಟಿದವರು. ಅರ್ಧ ಜನರಿಗೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಅರ್ಧ ಜನರಿಗೆ ಔಷಧಿ ಇಲ್ಲದ ಮಾತ್ರೆ. ಆಸ್ಪಿರಿನ್ ತೆಗೆದುಕೊಂಡವರು ಹೆಚ್ಚು ದಿನ ಗಟ್ಟಿಯಾಗಿ ಬದುಕಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಅವರಲ್ಲಿ 3.8%, ಉಳಿದವರಲ್ಲಿ 2.8%. ಅದೇ ಜನರನ್ನು ಮುಂದೆ ನೋಡಿದಾಗ ಆಸ್ಪಿರಿನ್ ಗುಂಪಿನಲ್ಲಿ ರಕ್ತಹೀನತೆ ಸುಮಾರು 20% ಹೆಚ್ಚು ಎಂದು ಗೊತ್ತಾಯಿತು. ಹೊರಗೆ ಒಂದು ಹನಿ ರಕ್ತ ಕಾಣದೆಯೂ ಒಳಗೊಳಗೇ ಸೋರಿರುತ್ತದೆ. ಅಪ್ಪ ಈಚೆಗೆ ಬೇಗ ಸುಸ್ತಾಗುತ್ತಾರೆಯೇ? ತೋಟಕ್ಕೆ ಹೋಗಿ ಬರುವುದು ಕಮ್ಮಿ ಮಾಡಿದ್ದಾರೆಯೇ? ವಯಸ್ಸಾಯಿತು ಎಂದು ಬಿಟ್ಟುಬಿಡಬೇಡಿ. ಅವರದ್ದೂ ಹಿಮೋಗ್ಲೋಬಿನ್ ನೋಡಿಸಿ.

ಶುಗರ್ ಇದೆಯಲ್ಲ ಎಂದು ನೀವು ಕೇಳಬಹುದು. ಸಕ್ಕರೆ ಕಾಯಿಲೆಯ 15,480 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನವೂ 2018ರಲ್ಲೇ ಬಂತು. ಅಲ್ಲಿ ಹೃದಯಕ್ಕೆ ಸ್ವಲ್ಪ ಲಾಭ ಕಂಡಿತು, ಆದರೆ ಸಿಕ್ಕ ಲಾಭವನ್ನು ರಕ್ತಸ್ರಾವವೇ ಬಹುಮಟ್ಟಿಗೆ ನುಂಗಿಹಾಕಿತು. ಆ ಜನರ ಸರಾಸರಿ ವಯಸ್ಸು 63. ನಿಮ್ಮ ಅಪ್ಪನಿಗೆ 81. ಅಮೆರಿಕದ ತಜ್ಞರ ಸಮಿತಿ 2022ರಲ್ಲಿ, 60 ದಾಟಿದವರಿಗೆ ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ ಹೊಸದಾಗಿ ಶುರು ಮಾಡಬೇಡಿ, ತೆಗೆದುಕೊಳ್ಳುತ್ತಿರುವವರೂ 75ರ ಸುಮಾರಿಗೆ ನಿಲ್ಲಿಸುವ ಬಗ್ಗೆ ಯೋಚಿಸಿ ಎಂದಿತು. ಹಾಗಾಗಿ ಅಪ್ಪನ ಡಾಕ್ಟರ್ ಹತ್ತಿರ ‘ಇದನ್ನು ನಿಲ್ಲಿಸಬಹುದಾ’ ಎಂದೇ ಕೇಳಿ. ಹಿಂದೆ ಯಾವಾಗಲೋ ಕೈ ಸೋತು ಸರಿಹೋದದ್ದು, ಕಾಲಿನ ರಕ್ತನಾಳದ ತೊಂದರೆ ಇಂಥದ್ದೇನಾದರೂ ಇತ್ತೇ ಎಂದು ಅವರು ವಿಚಾರಿಸಿ ತೀರ್ಮಾನಿಸಲಿ. ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆಗಳು ಮಾತ್ರ ಬಿಡದೆ ನಡೆಯಲಿ. ಅಪ್ಪನ ಹೃದಯವನ್ನು ಕಾಯುತ್ತಿರುವುದು ಅವು.

ಅಪ್ಪನಿಗೆ ನಿಲ್ಲಿಸಿದ್ದನ್ನು ನೋಡಿ ಅಮ್ಮನೂ ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಸ್ವೀಡನ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಆಸ್ಪಿರಿನ್ ಬಳಕೆದಾರರ ದಾಖಲೆ ನೋಡಿ 2017ರಲ್ಲಿ ಬರೆದಿದ್ದಾರೆ: ಆಪರೇಷನ್, ರಕ್ತಸ್ರಾವದಂಥ ಕಾರಣ ಇಲ್ಲದೆ ನಿಲ್ಲಿಸಿದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥವು 37% ಹೆಚ್ಚು. ಈಗಾಗಲೇ ಹೃದಯದ ಕಾಯಿಲೆ ಇದ್ದವರಿಗೇ ಹೆಚ್ಚು ಪೆಟ್ಟು ಬಿತ್ತು.

ಕೆಲವು ಹೊತ್ತಿನಲ್ಲಿ ಯೋಚನೆ ಮಾಡುತ್ತಾ ಕೂರಬಾರದು. ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ, ವಾಂತಿ ಕಾಫಿ ಗಸಿಯ ಬಣ್ಣದಲ್ಲಿದ್ದರೆ ಆಗಲೇ ಆಸ್ಪತ್ರೆಗೆ. (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಹೀಗೆ ಅಂಟಾಗಿ, ನಾರುವ ಹಾಗೆ ಇರುವುದಿಲ್ಲ.) ಬಿದ್ದು ತಲೆಗೆ ಪೆಟ್ಟಾದರೆ, ಆಗ ಚೆನ್ನಾಗಿಯೇ ಇದ್ದರೂ ತೋರಿಸಿ. ವಯಸ್ಸಾದವರಲ್ಲಿ ತಲೆಯೊಳಗೆ ರಕ್ತ ನಿಧಾನವಾಗಿ ಸೇರಿಕೊಂಡು ವಾರಗಳ ಮೇಲೆ ಮಂಕು, ತಲೆನೋವು, ನಡಿಗೆ ತಪ್ಪುವುದು ಕಾಣಿಸಬಹುದು. ಬಚ್ಚಲಿನ ಜಾರುವ ನೆಲ, ರಾತ್ರಿ ಹೊತ್ತಿನ ಕತ್ತಲೆ, ಇವನ್ನು ಸರಿಮಾಡುವುದೂ ಈ ಚಿಕಿತ್ಸೆಯ ಭಾಗ.

ಎದೆನೋವು ಬಂದು ಹಾರ್ಟ್ ಅಟ್ಯಾಕ್ ಅನ್ನಿಸಿದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿ ಆಸ್ಪತ್ರೆಗೆ ಹೊರಡುವುದು ಸರಿ. ಆದರೆ ಬಾಯಿ ವಾರೆಯಾಗಿ, ಕೈ ಸೋತು, ಮಾತು ತೊದಲಿದರೆ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಸ್ಟ್ರೋಕ್ ನಾಳ ಮುಚ್ಚಿಯೂ ಆಗುತ್ತದೆ, ಒಡೆದೂ ಆಗುತ್ತದೆ. ಸಿಟಿ ಸ್ಕ್ಯಾನ್ ಆಗುವವರೆಗೆ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಗೆ ಅಮ್ಮನ ಹಲ್ಲು. ‘ಐದು ದಿನ ಮಾತ್ರೆ ನಿಲ್ಲಿಸಿ ಬನ್ನಿ’ ಎಂದು ಹಲ್ಲಿನ ಡಾಕ್ಟರ್ ಹೇಳಿದರೆ, ಹೃದಯದ ಡಾಕ್ಟರಿಗೆ ಫೋನ್ ಮಾಡಿಸಿ ಇಬ್ಬರೂ ಮಾತಾಡಲಿ. ಒಂದೆರಡು ಹಲ್ಲು ಕೀಳಲು ಸಾಮಾನ್ಯವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಕಾಗಿಲ್ಲ. ಹಲ್ಲಿನ ರಕ್ತ ಸ್ವಲ್ಪ ಹೊತ್ತು ಹೆಚ್ಚು ಬರಬಹುದು, ಒತ್ತಿ ಹಿಡಿದರೆ ನಿಲ್ಲುತ್ತದೆ. ಮುಚ್ಚಿದ ಸ್ಟೆಂಟನ್ನು ಹಾಗೆ ಸರಿಮಾಡಲು ಆಗುವುದಿಲ್ಲ. ಹಲ್ಲು ಕೀಳಿಸಲು ಬೆಳಗ್ಗೆಯ ಹೊತ್ತು ಗೊತ್ತುಮಾಡಿಕೊಳ್ಳಿ, ರಕ್ತ ಬಂದರೆ ಹಗಲಲ್ಲೇ ಮತ್ತೆ ಹೋಗಬಹುದು. ಹಲವು ಹಲ್ಲಿದ್ದರೆ ಒಂದೇ ದಿನ ಬೇಡ. ಕಿತ್ತ ಮೇಲೆ ಅರ್ಧ ಗಂಟೆ ಹತ್ತಿಯನ್ನು ಗಟ್ಟಿಯಾಗಿ ಕಚ್ಚಿರಲಿ, ಆ ದಿನ ಬಿಸಿ ಕಾಫಿ ಬೇಡ, ಬಾಯಿ ಜೋರಾಗಿ ಮುಕ್ಕಳಿಸುವುದೂ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಬರೆಯಿರಿ ಎಂದು ನೀವೇ ಮೊದಲು ಹೇಳಿಬಿಡಿ. ಸಂಜೆಯ ಮಾತ್ರೆಯನ್ನು ಅಮ್ಮ ಎಂದಿನಂತೆ ಅದೇ ಹೊತ್ತಿಗೆ ತೆಗೆದುಕೊಳ್ಳಲಿ.